ಕ್ವೆರಿಯಲ್ಲಿ ದಿನಾಂಕದ ಲೆಕ್ಕ: ಹಾಲಿನ ಡೈರಿಯ ಉದಾಹರಣೆಯೊಡನೆ

ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘಕ್ಕೆ ನಾನು ಬಟವಾಡೆಯ ವರದಿಯನ್ನು ಸಿದ್ಧಪಡಿಸಿಕೊಟ್ಟಿದ್ದೆ. 2024ರ ಮಾರ್ಚ್ ಮೊದಲ ವಾರದಲ್ಲಿ ಕಾರ್ಯದರ್ಶಿಯವರು ಫೋನ್ ಮಾಡಿ, "ಒಂದನೇ ತಾರೀಖು ಬೆಳಗ್ಗೆ ಮೊದಲು ಬಂದವರ ಹಾಲೆಲ್ಲ ಫೆಬ್ರವರಿ ಬಿಲ್ಲಿಗೆ ಹೋಗಿದೆ ಸಾರ್, ತಡವಾಗಿ ಬಂದವರದು ಮಾತ್ರ ಮಾರ್ಚಿಗೆ ಬಂದಿದೆ" ಎಂದರು. ತೂಕದ ಯಂತ್ರದಲ್ಲಿಯೂ ಅವರ ನಮೂದಿನಲ್ಲಿಯೂ ದೋಷವಿರಲಿಲ್ಲ. ದೋಷವಿದ್ದುದು ನನ್ನ ಕ್ವೆರಿಯಲ್ಲಿ, ಅಂದರೆ ಡೇಟಾಬೇಸ್‌ನಿಂದ ಮಾಹಿತಿ ಕೇಳಲು ನಾನು ಬರೆದ ಆಜ್ಞೆಯಲ್ಲಿ. ಸರ್ವರ್ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಆಧಾರವಾದ ಸಮಯದಲ್ಲಿ, ಇಟ್ಟುಕೊಳ್ಳುತ್ತಿತ್ತು. ಭಾರತದ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿರುವುದರಿಂದ ಮಾರ್ಚ್ 1ರ ಬೆಳಗಿನ 5 ಗಂಟೆಯೆಂಬುದು ಅಲ್ಲಿ ಫೆಬ್ರವರಿ 29ರ ರಾತ್ರಿ 11:30 ಆಗಿ ಕುಳಿತಿತ್ತು. ಬೆಳಗ್ಗೆ 5:30ರ ಒಳಗೆ ಕ್ಯಾನು ತಂದವರೆಲ್ಲ ಹಿಂದಿನ ತಿಂಗಳಿಗೆ ಸರಿದಿದ್ದರು.

ಆದ್ದರಿಂದ ಕೂಡುವ ಕಳೆಯುವ ಕೆಲಸಕ್ಕೆ ಮೊದಲು, ಕಾಲಂನಲ್ಲಿರುವುದು ಪಂಚಾಂಗದ ಒಂದು ದಿನವೋ ಅಥವಾ ಗಡಿಯಾರದ ಒಂದು ಕ್ಷಣವೋ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಹಸುವಿಗೆ ವಿಮೆ ಮಾಡಿಸಿದ್ದು ದಿನ; ಹಾಲು ತೂಗಿದ್ದು ಕ್ಷಣ. ಕ್ಷಣವನ್ನು ದಿನವಾಗಿ ಮಾರ್ಪಡಿಸುವಾಗ ಯಾವ ಊರಿನ ದಿನವೆಂದು ಕ್ವೆರಿಯಲ್ಲಿ ಹೇಳಲೇಬೇಕು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಇದಕ್ಕೆ 'ಅಟ್ ಟೈಮ್ ಝೋನ್' ಎಂಬ ಪದಗುಚ್ಛವಿದ್ದು, ಅದರ ಮುಂದೆ 'ಏಷ್ಯಾ/ಕೋಲ್ಕತಾ' ಎಂಬ ಪೂರ್ಣ ಹೆಸರನ್ನೇ ಬರೆಯಿರಿ. 'ಐಎಸ್‌ಟಿ' ಎಂಬ ಮೂರಕ್ಷರವನ್ನು ಬರೆಯಬೇಡಿ; ಆ ತಂತ್ರಾಂಶದ ಮೂಲ ಪಟ್ಟಿಯಲ್ಲಿ ಅದು ಇಸ್ರೇಲಿನ ಸಮಯ, ಯುಟಿಸಿಗಿಂತ 2 ಗಂಟೆ ಮಾತ್ರ ಮುಂದೆ. ಸಾಧ್ಯವಿದ್ದರೆ ಟೇಬಲ್‌ನಲ್ಲಿಯೇ ತಾರೀಖಿಗೊಂದು, ಬೆಳಗ್ಗೆ ಅಥವಾ ಸಂಜೆ ಎನ್ನುವುದಕ್ಕೊಂದು ಪ್ರತ್ಯೇಕ ಕಾಲಂ ಇಡುವುದು ಲೇಸು. ಡೈರಿಯ ಪುಸ್ತಕದಲ್ಲಿ ಮೊದಲಿನಿಂದಲೂ ಹಾಗೆಯೇ ಬರೆಯುತ್ತಿದ್ದರು, ನಾನು ಮಾತ್ರ ಜಾಣತನ ತೋರಿಸಲು ಹೋಗಿದ್ದೆ.

ಎರಡು ದಿನಾಂಕಗಳ ನಡುವಿನ ಅಂತರವನ್ನು ತೆಗೆಯುವ ಕ್ರಮ ಒಂದೊಂದು ಡೇಟಾಬೇಸ್‌ನಲ್ಲಿ ಒಂದೊಂದು ಬಗೆಯದು. ಪೋಸ್ಟ್‌ಗ್ರೆಸ್‌ನಲ್ಲಿ ದಿನಾಂಕದಿಂದ ದಿನಾಂಕವನ್ನು ಕಳೆದರೆ ದಿನಗಳ ಸಂಖ್ಯೆ ಬರುತ್ತದೆ. ಒರಾಕಲ್‌ನಲ್ಲಿಯೂ ಬರುತ್ತದೆ, ಆದರೆ ಅಲ್ಲಿ ಗಂಟೆ ನಿಮಿಷಗಳು ದಶಾಂಶ ಭಾಗವಾಗಿ ಸೇರಿರಬಹುದು. ಮೈಎಸ್‌ಕ್ಯುಎಲ್‌ನಲ್ಲಿ ಹೀಗೆ ನೇರವಾಗಿ ಕಳೆಯುವ ಗೋಜಿಗೇ ಹೋಗಬಾರದು. ಅದು ಎರಡೂ ದಿನಾಂಕಗಳನ್ನು ಎಂಟಂಕಿಯ ಸಂಖ್ಯೆಗಳೆಂದು ಭಾವಿಸಿ 20240301ರಿಂದ 20240228ನ್ನು ಕಳೆದು 73 ಎಂಬ ಉತ್ತರವನ್ನು ಕೊಡುತ್ತದೆ. ನಿಜವಾದ ಅಂತರ 2 ದಿನ. ದೋಷದ ಸಂದೇಶವೂ ಬಾರದಿರುವುದರಿಂದ ಇಂಥ ತಪ್ಪು ವರ್ಷಗಟ್ಟಲೆ ಉಳಿದುಕೊಳ್ಳಬಹುದು. ಅಲ್ಲಿ 'ಡೇಟ್‌ಡಿಫ್' ಫಂಕ್ಷನ್‌ಗೆ, ಅಂದರೆ ಅಂತರ ತೆಗೆಯುವ ಸಿದ್ಧ ಸೂತ್ರಕ್ಕೆ, ಮೊದಲು ನಂತರದ ದಿನಾಂಕವನ್ನು, ಆಮೇಲೆ ಹಿಂದಿನ ದಿನಾಂಕವನ್ನು ಕೊಡಬೇಕು.

ಇದೇ 'ಡೇಟ್‌ಡಿಫ್' ಹೆಸರಿನ ಫಂಕ್ಷನ್ ಎಸ್‌ಕ್ಯುಎಲ್ ಸರ್ವರ್‌ನಲ್ಲಿಯೂ ಇದೆ, ಆದರೆ ಅದರ ಸ್ವಭಾವವೇ ಬೇರೆ. ಅದು ಮುಗಿದ ಅವಧಿಯನ್ನು ಅಳೆಯುವುದಿಲ್ಲ, ದಾಟಿದ ಗಡಿಗಳನ್ನು ಎಣಿಸುತ್ತದೆ. 2023ರ ಡಿಸೆಂಬರ್ 31ರಂದು ಹುಟ್ಟಿದ ಕರುವಿಗೆ ಮರುದಿನವೇ ಒಂದು ವರ್ಷ ತುಂಬಿತೆಂದು ಅದು ಹೇಳುತ್ತದೆ. ಮೈಎಸ್‌ಕ್ಯುಎಲ್‌ನ 'ಟೈಮ್‌ಸ್ಟ್ಯಾಂಪ್‌ಡಿಫ್' ಪೂರ್ಣಗೊಂಡ ವರ್ಷಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಅದೇ ಕರುವಿಗೆ ಸೊನ್ನೆ ಎನ್ನುತ್ತದೆ. ವಯಸ್ಸಿನ ಲೆಕ್ಕಕ್ಕೆ ಬೇಕಾದದ್ದು ಎರಡನೆಯದು.

ಅಂತರಕ್ಕೂ ಎಣಿಕೆಗೂ ಒಂದರ ವ್ಯತ್ಯಾಸವಿದೆಯೆಂಬುದನ್ನೂ ಮರೆಯಬಾರದು. ಹನ್ನೊಂದನೆಯ ದಿನಕ್ಕೆ ನಾಮಕರಣವೆಂದರೆ ಮಗು ಹುಟ್ಟಿದ ದಿನವನ್ನೂ ಸೇರಿಸಿಯೇ ನಾವು ಎಣಿಸುತ್ತೇವೆ; ಡೇಟಾಬೇಸ್‌ಗೆ ಆ ರೂಢಿಯಿಲ್ಲ. ಫೆಬ್ರವರಿ 29ರಿಂದ 16ನ್ನು ಕಳೆದರೆ 13 ಬರುತ್ತದೆ, ಆದರೆ ಹಾಲು ಹಾಕಿದ ದಿನಗಳು 14. ಸರಾಸರಿ ತೆಗೆಯುವಾಗ ಒಂದನ್ನು ಕೂಡಿಸಿ ಭಾಗಿಸಬೇಕು.

ಇನ್ನು ಹದಿನೈದು ದಿನಗಳ ಬಟವಾಡೆಯ ಅವಧಿ. ತಿಂಗಳ ಎರಡನೆಯ ಅವಧಿಯು 16ರಿಂದ ತಿಂಗಳ ಕೊನೆಯವರೆಗೆ ಇರುವುದರಿಂದ ಅದರ ಉದ್ದ 13ರಿಂದ 16 ದಿನಗಳವರೆಗೆ ಬದಲಾಗುತ್ತದೆ. ಇಲ್ಲಿ 'ಇವೆರಡರ ನಡುವೆ' ಎಂಬರ್ಥದ 'ಬಿಟ್ವೀನ್' ಬಳಸಿ ಫೆಬ್ರವರಿ 16 ಮತ್ತು 29 ಎಂದು ಬರೆದರೆ, ಸಮಯವೂ ಇರುವ ಕಾಲಂನಲ್ಲಿ 29 ಎಂಬುದು ಆ ದಿನ ಶುರುವಾಗುವ ಮಧ್ಯರಾತ್ರಿ 12 ಗಂಟೆಗೇ ನಿಂತುಬಿಡುತ್ತದೆ. 29ರ ಬೆಳಗಿನ ಹಾಲೂ ಸಂಜೆಯ ಹಾಲೂ ವರದಿಯಿಂದ ಬಿಟ್ಟುಹೋಗುತ್ತವೆ. ಕೊನೆಯಲ್ಲಿ 23:59:59 ಎಂದು ತೇಪೆ ಹಾಕುವುದನ್ನು ನೋಡಿದ್ದೇನೆ, ನನಗದು ಒಪ್ಪಿಗೆಯಿಲ್ಲ. ಸೆಕೆಂಡಿನ ಭಾಗಗಳು ದಾಖಲಾಗುವ ಕಡೆ ಅದೂ ಸೋರುತ್ತದೆ. ಫೆಬ್ರವರಿ 16 ಅಥವಾ ಅದರ ನಂತರ, ಮತ್ತು ಮಾರ್ಚ್ 1ಕ್ಕಿಂತ ಮೊದಲು ಎಂಬ ಎರಡು ಷರತ್ತುಗಳನ್ನು ಬರೆದರೆ ತಿಂಗಳ ಕೊನೆ 28 ಇರಲಿ, 31 ಇರಲಿ, ಕ್ವೆರಿಯನ್ನು ಮುಟ್ಟಬೇಕಾಗುವುದಿಲ್ಲ. ಈ ಎರಡೂ ಅಂಚುಗಳನ್ನು ಭಾರತದ ಸಮಯದಲ್ಲಿಯೇ ಕಟ್ಟಬೇಕೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ. ಕಾಲಂ ಅನ್ನು ಯಾವ ಫಂಕ್ಷನ್ನಿನೊಳಗೂ ಸುತ್ತದೆ, ಲೆಕ್ಕವನ್ನೆಲ್ಲ ಸ್ಥಿರವಾದ ಅಂಚಿನ ಕಡೆಗೇ ಇಟ್ಟರೆ ಸಾಲುಗಳನ್ನು ಬೇಗ ಹುಡುಕಲು ಆ ಕಾಲಂ ಮೇಲೆ ಮಾಡಿಟ್ಟ ಸೂಚಿ, ಅಂದರೆ ಇಂಡೆಕ್ಸ್, ಕೂಡ ಬಳಕೆಗೆ ಬರುತ್ತದೆ.

ತಿಂಗಳನ್ನು ಕೂಡಿಸುವುದು ಇವೆಲ್ಲಕ್ಕಿಂತ ತೊಡಕಿನ ವಿಷಯ, ಏಕೆಂದರೆ ತಿಂಗಳೆಂಬುದಕ್ಕೆ ನಿಶ್ಚಿತ ಉದ್ದವಿಲ್ಲ. 2024ರ ಜನವರಿ 31ಕ್ಕೆ ಒಂದು ತಿಂಗಳು ಸೇರಿಸಿದರೆ ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯುಎಲ್ ಫೆಬ್ರವರಿ 29 ಎನ್ನುತ್ತವೆ. ಎಸ್‌ಕ್ಯುಎಲ್‌ಐಟ್ ಹೆಚ್ಚುವರಿ ದಿನಗಳನ್ನು ಮುಂದಕ್ಕೆ ತಳ್ಳಿ ಮಾರ್ಚ್ 2 ಎನ್ನುತ್ತದೆ. ಅದೇ ಫೆಬ್ರವರಿ 29ಕ್ಕೆ ಇನ್ನೊಂದು ತಿಂಗಳು ಸೇರಿಸಿದಾಗ ಮೊದಲಿನೆರಡು ಮಾರ್ಚ್ 29ಕ್ಕೆ ಬಂದರೆ, ಒರಾಕಲ್‌ನ 'ಆ್ಯಡ್ ಮಂತ್ಸ್' ಅದು ತಿಂಗಳ ಕೊನೆಯ ದಿನವೆಂಬುದನ್ನು ಗಮನಿಸಿ ಮಾರ್ಚ್ 31ಕ್ಕೆ ಹೋಗುತ್ತದೆ. ಹಸುವಿನ ಸಾಲದ ಕಂತುಗಳನ್ನು ಹಿಂದಿನ ಕಂತಿನ ದಿನಾಂಕಕ್ಕೆ ಒಂದೊಂದು ತಿಂಗಳು ಸೇರಿಸುತ್ತ ಬರೆದುಕೊಂಡು ಹೋದರೆ, ಮೊದಲಿನೆರಡರಲ್ಲಿ 31ರ ಕಂತು ಫೆಬ್ರವರಿಯಲ್ಲಿ 29ಕ್ಕೆ ಇಳಿದು ಮತ್ತೆ ಮೇಲೇಳುವುದೇ ಇಲ್ಲ. ಆದಕಾರಣ ಪ್ರತಿ ಕಂತನ್ನೂ ಮೊದಲ ದಿನಾಂಕದಿಂದಲೇ ಲೆಕ್ಕ ಹಾಕಬೇಕು: ಜನವರಿ 31ಕ್ಕೆ ಎರಡು ತಿಂಗಳು ಸೇರಿಸಿದರೆ ಮಾರ್ಚ್ 31 ಸರಿಯಾಗಿಯೇ ಬರುತ್ತದೆ.

ತಿಂಗಳ ಕೊನೆಯ ದಿನ ಬೇಕಾದಾಗ ಮೈಎಸ್‌ಕ್ಯುಎಲ್‌ನಲ್ಲಿ 'ಲಾಸ್ಟ್ ಡೇ' ಇದೆ. ಪೋಸ್ಟ್‌ಗ್ರೆಸ್‌ನಲ್ಲಿ 'ಡೇಟ್ ಟ್ರಂಕ್' ಮೂಲಕ ತಿಂಗಳ ಮೊದಲ ದಿನಕ್ಕೆ ಬಂದು, ಒಂದು ತಿಂಗಳು ಕೂಡಿಸಿ, ಒಂದು ದಿನ ಕಳೆಯಬೇಕು. ಯಾವುದಾದರೊಂದು ದಿನಾಂಕ ಖಾಲಿಯಿದ್ದರೆ, ಅಂದರೆ ನಲ್ ಆಗಿದ್ದರೆ, ಉತ್ತರವೂ ನಲ್ ಆಗಿರುತ್ತದೆ.

ವರದಿಯನ್ನು ಡೈರಿಗೆ ಕೊಡುವ ಮೊದಲು ನಾನೀಗ ಪರೀಕ್ಷೆಗೆಂದು ಕೆಲವು ಸಾಲುಗಳನ್ನು ಟೇಬಲ್‌ಗೆ ಸೇರಿಸುತ್ತೇನೆ: ಫೆಬ್ರವರಿ 29ರ ಸಂಜೆಯದೊಂದು, ಮಾರ್ಚ್ 1ರ ಬೆಳಗಿನ 5:29 ಮತ್ತು 5:31ರ ಎರಡು, ಡಿಸೆಂಬರ್ 31ರದೊಂದು. ಮೊದಲನೆಯದು ಫೆಬ್ರವರಿಯಲ್ಲಿ ಉಳಿದು, 5:29 ಮತ್ತು 5:31ರವು ಎರಡೂ ಮಾರ್ಚಿನ ಬಿಲ್ಲಿನಲ್ಲಿ ಕಾಣಿಸಿಕೊಂಡ ಮೇಲೆಯೇ ಕಾರ್ಯದರ್ಶಿಯವರಿಗೆ ಫೋನ್ ಮಾಡುತ್ತೇನೆ.