ಏರ್ ರೈಫಲ್: ನಿಖರತೆಯ ಮೇಲೆ ವೇಗ ಕಟ್ಟುವ ಅಭ್ಯಾಸ

10 ಮೀಟರ್ ಏರ್ ರೈಫಲ್ ಅರ್ಹತಾ ಸುತ್ತಿನಲ್ಲಿ 75 ನಿಮಿಷಗಳೊಳಗೆ 60 ಗುಂಡು ಹಾರಿಸಬೇಕು. ಗುರಿಯ ನಡುಬಿಂದುವಿನ ವ್ಯಾಸವಾದರೋ 0.5 ಮಿಲಿಮೀಟರ್ ಮಾತ್ರ. ಮೈಸೂರಿನಲ್ಲಿ ಈ ಕ್ರೀಡೆಗೆ ಬರುವ ಮಕ್ಕಳಿಗೆ ನಾನು ಮೊದಲು ಹೇಳುವುದು ಗುಂಡಿಲ್ಲದ ಅಭ್ಯಾಸವನ್ನೇ.

ರೈಫಲ್ ಖಾಲಿಯಿದೆಯೆಂದು ಎರಡು ಬಾರಿ ಪರೀಕ್ಷಿಸಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಹಜಾರದ ಬಿಳಿ ಗೋಡೆಗೆ ಎದುರಾಗಿ ನಿಂತು, ರೈಫಲ್ಲಿನ ಡ್ರೈ ಫೈರ್ (ಗುಂಡಿಲ್ಲದೆ ಟ್ರಿಗರ್ ಒತ್ತಿ ಅಭ್ಯಾಸ ಮಾಡುವ) ಸೌಲಭ್ಯ ಬಳಸಿ ಟ್ರಿಗರ್ ಒತ್ತಿರಿ. ಗುರಿಯೇ ಇಲ್ಲದಿರುವುದರಿಂದ, ಬೆರಳು ಚಲಿಸುವಾಗ ಮುಂದಿನ ಸೈಟ್ (ನಳಿಕೆಯ ತುದಿಯಲ್ಲಿ ಗುರಿ ಹಿಡಿಯಲು ಇರುವ ಭಾಗ) ಎಷ್ಟು ಅಲುಗುತ್ತದೆಂಬುದು ಸ್ಪಷ್ಟವಾಗಿ ಕಾಣುತ್ತದೆ. ಸ್ಪ್ರಿಂಗ್ ಬಲದಿಂದ ಗಾಳಿಯನ್ನು ಒತ್ತಿ ಗುಂಡು ಹಾರಿಸುವ ಸ್ಪ್ರಿಂಗ್ ರೈಫಲ್ಲನ್ನು ಹೀಗೆ ಖಾಲಿ ಹಾರಿಸಬಾರದು. ಅದರ ಪಿಸ್ಟನ್ನಿಗೆ ಪೆಟ್ಟಾಗುತ್ತದೆ.

ಬಳಿಕ ರೇಂಜಿನಲ್ಲಿ ಗುರಿ ಹಿಡಿದು, ಕಣ್ಣು ಮುಚ್ಚಿ, ಎರಡು ಉಸಿರಾಡಿ ಕಣ್ಣು ತೆರೆಯಿರಿ. ನಳಿಕೆ ಪಕ್ಕಕ್ಕೆ ಸರಿದಿದ್ದರೆ ತೋಳಿನಿಂದ ಎಳೆಯದೆ, ಪಾದಗಳನ್ನು ತುಸು ತಿರುಗಿಸಿ ಸರಿಪಡಿಸಿಕೊಳ್ಳಿರಿ. ಇದೊಂದನ್ನು ರೂಢಿಸಿಕೊಂಡವರ ಗುಂಡುಗಳು ಬೇಗನೆ ಒಂದೆಡೆ ಕೂಡುವುದನ್ನು ಕಂಡಿದ್ದೇನೆ.

ವೇಗಕ್ಕೆ ಆತುರ ಬೇಡ, ಲಯ ಬೇಕು. ಸ್ಟಾಪ್‌ವಾಚ್ ಇಟ್ಟುಕೊಂಡು ಹತ್ತು ಗುಂಡುಗಳ ಸರಣಿ ಹಾರಿಸಿ, ಗುರಿ ಹಿಡಿದ ಹತ್ತು ಸೆಕೆಂಡಿನೊಳಗೆ ಗುಂಡು ಹೊರಡದಿದ್ದರೆ ರೈಫಲ್ ಇಳಿಸಿ ಮತ್ತೆ ಆರಂಭಿಸಿರಿ. ಪ್ರತಿ ಗುಂಡು ಎಲ್ಲಿ ತಾಗಿತೆಂದು, ಅದನ್ನು ತೋರಿಸುವ ಪರದೆ ನೋಡುವ ಮೊದಲೇ ಊಹಿಸಿ ಬರೆದಿಟ್ಟುಕೊಳ್ಳಿರಿ.