ಕ್ಯಾರವಾನ್‌ನಲ್ಲಿ ಮಲಗುವ ಮುನ್ನ: ಕಾರ್ಬನ್ ಮಾನಾಕ್ಸೈಡ್ ಡಿಟೆಕ್ಟರ್ ಅಳವಡಿಸುವ ಕ್ರಮ

2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆಬದಿ ನಿಲ್ಲಿಸಿದ್ದ ಕ್ಯಾರವಾನ್‌ನೊಳಗೆ ಇಬ್ಬರು ಸತ್ತುಬಿದ್ದಿದ್ದರು. ಜನರೇಟರ್ ಹೊರಬಿಟ್ಟ ಕಾರ್ಬನ್ ಮಾನಾಕ್ಸೈಡ್ ವಾಹನದೊಳಗೆ ಸೇರಿದ್ದೇ ಸಾವಿಗೆ ಕಾರಣವೆಂದು ತಜ್ಞರ ಪರೀಕ್ಷೆಯಲ್ಲಿ ಕಂಡುಬಂತು. ಬಣ್ಣವೂ ವಾಸನೆಯೂ ಇಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವುದರಿಂದ, ಮಲಗಿದವರು ಎಚ್ಚರಗೊಳ್ಳದೆಯೇ ಪ್ರಾಣ ಬಿಡಬಹುದು. ಕ್ಯಾರವಾನ್ ಬಾಡಿಗೆಗೆ ಪಡೆಯುವವರು ಹಾಸಿಗೆ, ಎಸಿಗಳಿಗಿಂತ ಮೊದಲು ಡಿಟೆಕ್ಟರ್ ಇದೆಯೇ ಎಂದು ಕೇಳಬೇಕು.

ಎಲ್‌ಪಿಜಿ ಸೋರಿಕೆಯ ಅಲಾರಂ ಇದ್ದರೆ ಸಾಕೆಂಬುದು ಅಪಾಯಕಾರಿ ತಪ್ಪು ತಿಳಿವಳಿಕೆ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಅದರ ಅಲಾರಂ ನೆಲದ ಸಮೀಪವಿರುತ್ತದೆ. ಕಾರ್ಬನ್ ಮಾನಾಕ್ಸೈಡ್ ಹೆಚ್ಚು ಕಡಿಮೆ ಗಾಳಿಯಷ್ಟೇ ತೂಕದ್ದಾಗಿದ್ದು ಎಲ್ಲೆಡೆ ಬೆರೆಯುತ್ತದೆ. ಅದರ ಡಿಟೆಕ್ಟರನ್ನು ತಯಾರಕರ ಸೂಚನೆಯಂತೆ ಮಲಗುವ ಜಾಗದ ಹತ್ತಿರ, ಒಲೆ ಮತ್ತು ಕಿಟಕಿಗಳಿಂದ ದೂರದಲ್ಲಿ, ಪರದೆ ಮರೆಮಾಡದಂತೆ ಕೂರಿಸಬೇಕು. ಕೊಳ್ಳುವಾಗ ವಾಹನಗಳ ಬಳಕೆಗೆ ಯೋಗ್ಯವೆಂದು ನಮೂದಿಸಿರುವ ಮಾದರಿಯನ್ನೇ ಆರಿಸಿ, ಏಕೆಂದರೆ ಅದು ಕುಲುಕಾಟವನ್ನೂ ತಾಪದ ಏರಿಳಿತವನ್ನೂ ತಾಳಬೇಕು.

ಪ್ರತಿ ಪ್ರವಾಸಕ್ಕೆ ಮುನ್ನ ಟೆಸ್ಟ್ ಗುಂಡಿ ಒತ್ತಿ ನೋಡಿ. ಆದರೆ ಆ ಗುಂಡಿ ಬ್ಯಾಟರಿ ಮತ್ತು ಶಬ್ದವನ್ನಷ್ಟೇ ಪರೀಕ್ಷಿಸುತ್ತದೆ, ಸೆನ್ಸರಿನ ಆಯಸ್ಸನ್ನಲ್ಲ. ಆದ್ದರಿಂದ ಸಾಧನದ ಹಿಂಬದಿಯಲ್ಲಿ ಅಚ್ಚಾದ ದಿನಾಂಕವನ್ನು ಓದಿ, ಅವಧಿ ಮುಗಿದಿದ್ದರೆ ಹೊಸದನ್ನು ಹಾಕಿಸಿ. ಸಾಮಾನ್ಯವಾಗಿ ನಾಲ್ಕು ಬೀಪ್‌ಗಳು ಮತ್ತೆ ಮತ್ತೆ ಕೇಳಿಸಿದರೆ ಅನಿಲವಿದೆಯೆಂದೂ, ಆಗಾಗ ಒಂದೇ ಚಿಕ್ಕ ಬೀಪ್ ಬಂದರೆ ಬ್ಯಾಟರಿ ಅಥವಾ ಸಾಧನ ಮುಗಿಯುತ್ತಿದೆಯೆಂದೂ ಅರ್ಥ.

ಡಿಟೆಕ್ಟರ್ ಇದೆಯೆಂದು ಜನರೇಟರ್ ಹಾಕಿಕೊಂಡು ನಿದ್ರಿಸಬಾರದು. ಪಕ್ಕದಲ್ಲಿ ನಿಂತ ವಾಹನದ ಹೊಗೆಯೂ ನಿಮ್ಮ ಕಿಟಕಿಯಿಂದ ಒಳಬರಬಹುದು. ಚಳಿಗೆಂದು ಗ್ಯಾಸ್ ಒಲೆ ಹಚ್ಚಿಡುವುದು, ಇದ್ದಿಲಿನ ಅಗ್ಗಿಷ್ಟಿಕೆಯನ್ನು ಒಳಗಿಡುವುದು ಎಂದಿಗೂ ಸಲ್ಲದು.

ಅಲಾರಂ ಕೂಗಿದಾಗ ಕಾರಣ ಹುಡುಕುತ್ತ ಒಳಗೆ ನಿಲ್ಲಬೇಡಿ. ಮಕ್ಕಳು, ಹಿರಿಯರು ಸೇರಿ ಎಲ್ಲರನ್ನೂ ಹೊರಗೆ ಕರೆತಂದು 112ಕ್ಕೆ ಕರೆಮಾಡಿ. ತಲೆನೋವು, ತಲೆಸುತ್ತು, ವಾಕರಿಕೆ ಇರುವವರನ್ನು ಆಸ್ಪತ್ರೆಗೆ ಸೇರಿಸುವಾಗ ಕಾರ್ಬನ್ ಮಾನಾಕ್ಸೈಡ್ ಶಂಕೆಯನ್ನು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಿ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಈ ವಿಷವನ್ನು ಗುರುತಿಸದೆ ಆಮ್ಲಜನಕದ ಮಟ್ಟ ಸರಿಯಾಗಿದೆಯೆಂದೇ ತೋರಿಸಬಹುದು, ಆಗ ರಕ್ತಪರೀಕ್ಷೆಯೇ ಬೇಕಾಗುತ್ತದೆ.