ಮುಚ್ಚಳ ಹಾಕಿ ಅಳೆಯಿರಿ: ನೀರಿನ ಮೀಟರ್‌ಗಳಿಗೆ ಲೋರಾವಾನ್ ಜಾಲ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ನೀರಿನ ಸ್ಮಾರ್ಟ್ ಮೀಟರ್ ಕೂರಿಸುವುದು ನನ್ನ ಕೆಲಸ. ಮೀಟರ್ ಬ್ಯಾಟರಿಯಲ್ಲೇ ವರ್ಷಗಟ್ಟಲೆ ನಡೆಯಬೇಕು, ಅದಕ್ಕೇ ಕಡಿಮೆ ಬ್ಯಾಟರಿಯಲ್ಲಿ ಚಿಕ್ಕ ಸಂದೇಶಗಳನ್ನು ದೂರಕ್ಕೆ ಕಳಿಸುವ ರೇಡಿಯೋ ಜಾಲವಾದ ಲೋರಾವಾನ್ ಬಳಸುತ್ತೇವೆ. 865 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತದೆ, ಲೈಸೆನ್ಸ್ ಬೇಡ. ಮೀಟರ್‌ಗಳ ಸಂದೇಶ ಹಿಡಿಯುವ ಪೆಟ್ಟಿಗೆಯೇ ಗೇಟ್‌ವೇ. "ಗೇಟ್‌ವೇ ಎಷ್ಟು ಕಿಲೋಮೀಟರ್ ಹಿಡಿಯುತ್ತೆ?" ಅಂತ ಎಲ್ಲರೂ ಮೊದಲು ಕೇಳುತ್ತಾರೆ. ಅದನ್ನು ಬಿಡಿ. ಸಿಗ್ನಲ್‌ಗೆ ಅತಿ ಕಷ್ಟದ ಮೀಟರ್ ಎಲ್ಲಿದೆ ಅಂತ ಹುಡುಕಿ.

ಒಂದು ಕಡೆ ನನಗೆ ಅದು ಸಿಕ್ಕಿದ್ದು ಗೇಟ್ ಪಕ್ಕದ ಗುಂಡಿಯಲ್ಲಿ. ಮೇಲೆ ದಪ್ಪ ಕಬ್ಬಿಣದ ಮುಚ್ಚಳ. ತೆಗೆದು ಅಳೆದಾಗ ಮೈನಸ್ 104 ಡಿಬಿಎಂ ಬಂತು (ಇದು ಸಿಗ್ನಲ್ ಬಲದ ಅಳತೆ; ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ದುರ್ಬಲ). ಸಾಕು ಅಂದುಕೊಂಡು ಮುಚ್ಚಿ ಹೊರಟೆ. ಮಾರನೇ ದಿನ ರೀಡಿಂಗ್ ಅರ್ಧಕ್ಕರ್ಧ ಇಲ್ಲ. ಮುಚ್ಚಳ ಹಾಕಿ ಅಳೆದರೆ ಮೈನಸ್ 126! ಮಳೆ ಬಂದು ಗುಂಡಿಯಲ್ಲಿ ನೀರು ನಿಂತ ದಿನ ಪೂರ್ತಿ ಮೌನ. ಅಂದಿನಿಂದ ಮುಚ್ಚಳ ಹಾಕಿ, ಪೈಪ್‌ಗಳು ಹಾದುಹೋಗುವ ಡಕ್ಟ್‌ನ ಬಾಗಿಲು ಮುಚ್ಚಿ, ಬೇಸ್‌ಮೆಂಟ್‌ನಲ್ಲಿ ಕಾರುಗಳು ನಿಂತಿರುವಾಗಲೇ ಅಳೆಯುತ್ತೇನೆ. ಅದರ ಮೇಲೂ, ಕೆಟ್ಟ ದಿನಕ್ಕೆಂದು, ಬೇಕಾದ್ದಕ್ಕಿಂತ ಕನಿಷ್ಠ 10 ಡಿಬಿ ಹೆಚ್ಚು ಸಿಗ್ನಲ್ ಉಳಿಸಿಕೊಳ್ಳುತ್ತೇನೆ.

ಆಂಟೆನಾ ಜಾಗವನ್ನೂ ಯೋಚಿಸಿ. ಟೆರೇಸ್ ಮೇಲೆ ಜಾಸ್ತಿ ಗೇನ್‌ನ (ಅಂದರೆ ಸಿಗ್ನಲ್ ಅನ್ನು ಹೆಚ್ಚಾಗಿ ಅಡ್ಡಕ್ಕೇ ಒತ್ತಿ ಹರಡುವ) ಉದ್ದ ಆಂಟೆನಾ ನಿಲ್ಲಿಸಿದರೆ ಅದು ದೂರಕ್ಕೆ ಚೆನ್ನಾಗಿ ಹಿಡಿಯುತ್ತದೆ, ಸರಿಯಾಗಿ ಕೆಳಗಿರುವ ಮನೆಗಳಿಗಲ್ಲ. ಬಹುಮಹಡಿ ಕಟ್ಟಡಕ್ಕೆ ಕಡಿಮೆ ಗೇನ್‌ನ ಚಿಕ್ಕ ಆಂಟೆನಾವೇ ಮೇಲು.

ಇನ್ನು ಎಷ್ಟು ಮೀಟರ್ ಹಿಡಿಸುತ್ತದೆ ಅನ್ನುವ ಲೆಕ್ಕ. ಸಿಗ್ನಲ್ ಸೋತಷ್ಟೂ ಮೀಟರ್ ನಿಧಾನವಾಗಿ ಮಾತಾಡುತ್ತದೆ. ಈ ವೇಗದ ಮೆಟ್ಟಿಲೇ ಎಸ್‌ಎಫ್ (ಸ್ಪ್ರೆಡಿಂಗ್ ಫ್ಯಾಕ್ಟರ್): 7 ಅತಿ ವೇಗ, 12 ಅತಿ ನಿಧಾನ. 20 ಬೈಟ್‌ನ ರೀಡಿಂಗ್‌ಗೆ ಎಸ್‌ಎಫ್ 7ರಲ್ಲಿ ಸುಮಾರು 72 ಮಿಲಿಸೆಕೆಂಡ್ ಸಾಕು. ಎಸ್‌ಎಫ್ 12ರಲ್ಲಿ 1.8 ಸೆಕೆಂಡ್ ಬೇಕು. 25 ಪಟ್ಟು! ಕಳಿಸಲು ಬೇಕಾಗುವ ಬ್ಯಾಟರಿಯೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಕರಗುತ್ತದೆ.

400 ಮನೆ, ಮನೆಗೆ 3 ಇನ್‌ಲೆಟ್ (ನೀರು ಒಳಬರುವ ಪೈಪ್) ಅಂದರೆ 1,200 ಮೀಟರ್. ಗಂಟೆಗೊಂದು ರೀಡಿಂಗ್, ಲೋರಾವಾನ್‌ನಲ್ಲಿ ಭಾರತಕ್ಕೆ ಮೊದಲೇ ಗೊತ್ತುಪಡಿಸಿರುವ 3 ಚಾನೆಲ್ (ಸಂದೇಶ ಸಾಗುವ ತರಂಗಾಂತರದ ದಾರಿ) ಅಂತಿಟ್ಟುಕೊಳ್ಳಿ. ಎಲ್ಲವೂ ಎಸ್‌ಎಫ್ 12ರಲ್ಲಿದ್ದರೆ ಪ್ರತಿ ಚಾನೆಲ್ ಶೇ. 20ರಷ್ಟು ಹೊತ್ತು ತುಂಬಿರುತ್ತದೆ. ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ, ಹಾಗಾಗಿ ಡಿಕ್ಕಿ ಹೊಡೆದು ಮೂರರಲ್ಲಿ ಒಂದು ರೀಡಿಂಗ್ ಹೋಗುತ್ತದೆ. ಎಲ್ಲವೂ ಎಸ್‌ಎಫ್ 7ರಲ್ಲಿದ್ದರೆ ನಷ್ಟ ಶೇ. 2ಕ್ಕಿಂತ ಕಡಿಮೆ. ಚಾನೆಲ್ ಶೇ. 5ಕ್ಕಿಂತ ಜಾಸ್ತಿ ತುಂಬದಂತೆ ನೋಡಿಕೊಳ್ಳಿ. ಅಷ್ಟಕ್ಕೇ ಹತ್ತರಲ್ಲೊಂದು ಹೋಗುತ್ತದೆ.

ಅಂದರೆ ಗುಂಡಿಯ ಮೀಟರ್ ತನ್ನ ಕಷ್ಟವನ್ನು ಪಕ್ಕದ ಮೀಟರ್‌ಗಳಿಗೂ ಹಂಚುತ್ತದೆ, ಅಲ್ವಾ? ಹಾಗಾಗಿ ಅಂಥವನ್ನೇ ಮೊದಲು ಸರಿಪಡಿಸಿ. ಆ ಗುಂಡಿಯಿಂದ ಪೈಪ್‌ನಲ್ಲಿ ಕೇಬಲ್ ಎಳೆದು ಆಂಟೆನಾವನ್ನು ಕಾಂಪೌಂಡ್ ಗೋಡೆಗೆ ಏರಿಸಿದೆ. ಎಸ್‌ಎಫ್ 8ಕ್ಕೆ ಇಳಿಯಿತು.

ಎರಡು ಸೆಟ್ಟಿಂಗ್ ಮರೆಯಬೇಡಿ. ಎಲ್ಲ ಮೀಟರ್‌ಗಳೂ ಗಂಟೆ ಹೊಡೆದ ಕ್ಷಣದಲ್ಲೇ ಕಳಿಸಬಾರದು. ಒಂದೊಂದನ್ನೂ ಗಂಟೆಯೊಳಗಿನ ಬೇರೆ ಬೇರೆ ಕ್ಷಣಕ್ಕೆ ಚದುರಿಸಿ, ಇಲ್ಲದಿದ್ದರೆ ಮೇಲಿನ ಲೆಕ್ಕವೆಲ್ಲ ಸುಮ್ನೆ. ಪ್ರತಿ ರೀಡಿಂಗ್‌ಗೂ "ಸಿಕ್ಕಿತು" ಅಂತ ಉತ್ತರ ಕೇಳುವುದೂ ಬೇಡ. ಗೇಟ್‌ವೇ ಉತ್ತರ ಕೊಡುತ್ತಿರುವಷ್ಟು ಹೊತ್ತು ಅದಕ್ಕೆ ಬೇರೆ ಯಾವ ಮೀಟರ್ ಕೂಗಿದರೂ ಕೇಳಿಸುವುದಿಲ್ಲ. ಪ್ರತಿ ಸಲ ಮೀಟರ್‌ನ ಒಟ್ಟು ಲೀಟರ್ ಅಂಕಿಯನ್ನೇ ಕಳಿಸಿ. ನಡುವೆ ಒಂದು ರೀಡಿಂಗ್ ತಪ್ಪಿದರೂ ಬಿಲ್ ತಪ್ಪುವುದಿಲ್ಲ.